ನಾಕ್ ಸೆನ್ಸರ್: ಕೇರಳ ಕರಾವಳಿಯ ಕಾರುಗಳಲ್ಲಿ ದೋಷ ಪತ್ತೆ ಮತ್ತು ಮನೆಯಲ್ಲೇ ಬದಲಾವಣೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್ ಬ್ಲಾಕಿಗೆ ಒಂದೇ ಬೋಲ್ಟಿನಿಂದ ಬಿಗಿದಿರುವ ಕಪ್ಪು ಬಿಲ್ಲೆಯೇ ನಾಕ್ ಸೆನ್ಸರ್. ನಡುವೆ ಒಂದು ತೂತು, ಪಕ್ಕದಲ್ಲಿ ಎರಡು ತಂತಿಯ ಕಪ್ಲರ್, ತಿರುಗುವ ಅಥವಾ ಜಾರುವ ಭಾಗ ಒಂದೂ ಇಲ್ಲ. ಸಿಲಿಂಡರಿನೊಳಗೆ ಪೆಟ್ರೋಲ್ ಕ್ರಮವಾಗಿ ಉರಿಯದೆ ಸಿಡಿದಾಗ ಏಳುವ ಕಂಪನವನ್ನು ಹಿಡಿದು, ಅದನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ವಿದ್ಯುತ್ ಸಂಕೇತವಾಗಿ ಮುಟ್ಟಿಸುವುದು ಅದರ ಕೆಲಸ. ಇದು ಕೆಟ್ಟರೆ ಕಾರು ದಾರಿಯಲ್ಲಿ ನಿಲ್ಲುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಪಿಕಪ್ ಮಂಕಾಗುತ್ತದೆ, ಮೈಲೇಜ್ ಇಳಿಯುತ್ತದೆ. ಕೊಚ್ಚಿ, ತಿರುವನಂತಪುರದಂಥ ಕಡಲ ಮಗ್ಗುಲಿನ ಊರುಗಳಲ್ಲಿ ಈ ದೀಪದ ಕಾರಣ ಹುಡುಕುವವರು ಸೆನ್ಸರಿಗಿಂತ ಮುಂಚೆ ಅದರ ತಂತಿ, ಕಪ್ಲರ್ ಮತ್ತು ಬೋಲ್ಟನ್ನು ಅನುಮಾನಿಸುವುದು ಒಳ್ಳೆಯದು. ಉಪ್ಪುಗಾಳಿಯೂ ಮಳೆಯೂ ಮೊದಲು ತಿನ್ನುವುದು ಅವನ್ನೇ.

ನಾಕಿಂಗ್ ಎಂದರೆ

ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನ ಅಂಚಿನವರೆಗೆ ಹರಡಿಕೊಳ್ಳುತ್ತ ಹೋಗಬೇಕು. ಹಾಗೆ ಹೋಗುವಾಗ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಕ್ಕಿ, ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದರೆ ಅದು ನಾಕಿಂಗ್. ಟಾಪ್ ಗೇರಿನಲ್ಲೇ ಏರು ಹತ್ತಿಸಲು ಆಕ್ಸಿಲರೇಟರ್ ತುಳಿದಾಗ ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಕೇಳಿಸುವುದು ಇದರಿಂದಲೇ. ಸಣ್ಣದಾಗಿ, ಆಗೊಮ್ಮೆ ಈಗೊಮ್ಮೆ ಆದರೆ ಎಂಜಿನ್ನಿಗೆ ಹಾನಿ ಕಡಿಮೆ. ಜೋರಾಗಿ, ಬಹಳ ಹೊತ್ತು ನಡೆದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು, ಬೇರಿಂಗ್ ಸವೆಯಬಹುದು.

ಈ ಸಿಡಿತದ ಸದ್ದಿಗೆ ಒಂದು ನಿಶ್ಚಿತ ಆವರ್ತನ ಇದೆ ಎಂಬುದು ಸೆನ್ಸರಿನ ಕೆಲಸಕ್ಕೆ ಬುನಾದಿ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಇದನ್ನು ವಿಶ್ಲೇಷಿಸಿ, ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಓಡಾಡುವ ಆವರ್ತನ ಸಿಲಿಂಡರಿನ ವ್ಯಾಸಕ್ಕೆ ಕಟ್ಟುಬಿದ್ದಿದೆ ಎಂದು ತೋರಿಸಿದರು. ವ್ಯಾಸ ಕಿರಿದಾದಷ್ಟೂ ಆವರ್ತನ ಹೆಚ್ಚು. ಕೇರಳದಲ್ಲೂ ಕರ್ನಾಟಕದಲ್ಲೂ ಬೀದಿ ತುಂಬ ಓಡಾಡುವ ಮಾರುತಿ ಕೆ ಸರಣಿಯ 1 ಲೀಟರ್ ಮತ್ತು 1.2 ಲೀಟರ್ ಎಂಜಿನ್ನುಗಳ ಸಿಲಿಂಡರ್ ವ್ಯಾಸ 73 ಮಿ.ಮೀ. ಈ ಲೆಕ್ಕದಲ್ಲಿ ಅವುಗಳ ನಾಕಿಂಗ್ ಸುಮಾರು ಏಳರಿಂದ ಎಂಟು ಕಿಲೋಹರ್ಟ್ಸ್ ನಡುವೆ ಬೀಳುತ್ತದೆ. ಇಸಿಯು ಸೆನ್ಸರಿನಿಂದ ಬರುವ ಗದ್ದಲದಲ್ಲಿ ಹುಡುಕುವುದು ಈ ಸಣ್ಣ ಪಟ್ಟಿಯನ್ನು.

ಸೆನ್ಸರ್ ಬರುವುದಕ್ಕಿಂತ ಬಹಳ ಮುಂಚೆ ನಾಕಿಂಗ್ ತಡೆಯುವ ಹೊಣೆ ಇಂಧನದ ಮೇಲೆ ಇತ್ತು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಬೇರೆಬೇರೆ ಪೆಟ್ರೋಲುಗಳು ಎಷ್ಟು ಒತ್ತಡ ತಾಳುತ್ತವೆ ಎಂದು ಅಳೆದರು. ಅಮೆರಿಕದ ಡೇಟನ್ನಿನಲ್ಲಿ ಜನರಲ್ ಮೋಟರ್ಸಿನ ಥಾಮಸ್ ಮಿಜ್ಲಿ 1921ರ ಡಿಸೆಂಬರ್‌ನಲ್ಲಿ ಸೀಸದ ಸಂಯುಕ್ತವೊಂದು ನಾಕಿಂಗನ್ನು ಅಡಗಿಸುತ್ತದೆಂದು ಕಂಡುಕೊಂಡರು. ಅದರ ಬೆಲೆಯನ್ನು ಜಗತ್ತಿನ ಮಕ್ಕಳು ತಮ್ಮ ರಕ್ತದಲ್ಲಿ ಸೀಸ ಹೊತ್ತು ತೆತ್ತರು. ಭಾರತದ ನಾಲ್ಕು ಮಹಾನಗರಗಳಿಗೆ 1995ರಲ್ಲಿ ಸೀಸರಹಿತ ಪೆಟ್ರೋಲ್ ಬಂತು, ಇಡೀ ದೇಶಕ್ಕೆ 2000ದ ಫೆಬ್ರುವರಿಯಲ್ಲಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಎರ್ನಾಕುಳಂನ ಟ್ಯಾಕ್ಸಿಯಾಗಲಿ ಮಂಗಳೂರಿನದಾಗಲಿ, ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಗಾಡಿ ಓಡಿಸಿ ಸದ್ದು ಕೇಳಿ, ಮತ್ತೆ ತಿರುಗಿಸಿ, ನಾಕಿಂಗ್ ಆಗದಂತೆ ಕಿಡಿಯ ಟೈಮಿಂಗ್ ಕೂರಿಸುವುದೇ ಮೆಕ್ಯಾನಿಕ್ಕಿನ ಕೈಚಳಕವಾಗಿತ್ತು.

ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೊದಲಿಗರಲ್ಲಿ ಬ್ಯೂಕ್ ಕಂಪನಿ ಒಂದು. 1978ರ ಅದರ ಟರ್ಬೊ ವಿ6 ಎಂಜಿನ್ನು ನಾಕಿಂಗ್ ಸುಳಿವು ಸಿಕ್ಕಿದೊಡನೆ ಕಿಡಿಯನ್ನು ತಡವಾಗಿಸುತ್ತಿತ್ತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಎಪಿಸಿ ಎಂಬ ವ್ಯವಸ್ಥೆಯಲ್ಲಿ ಟರ್ಬೊ ಒತ್ತಡವನ್ನೇ ಸೆನ್ಸರಿನ ಮಾತಿನಂತೆ ಇಳಿಸಿತು. ಭಾರತದ ಸಾಮಾನ್ಯ ಕಾರುಗಳಿಗೆ ನಾಕ್ ಸೆನ್ಸರ್ ತಲುಪಿದ್ದು ಕಾರ್ಬ್ಯುರೇಟರ್ ಹೋಗಿ, ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್ನುಗಳು ಬಂದ ಮೇಲೆ.

ಕೇರಳದ ಪೆಟ್ರೋಲ್, ಕೇರಳದ ಹವೆ

ಕೊಚ್ಚಿಯ ಕಾರು ಕುಡಿಯುವ ಪೆಟ್ರೋಲಿನ ತವರು ಊರಿನ ಅಂಚಿನಲ್ಲೇ ಇದೆ. ಅಂಬಲಮುಗಳ್‌ನ ತೈಲ ಶುದ್ಧೀಕರಣಾಗಾರ 1966ರಲ್ಲಿ ವರ್ಷಕ್ಕೆ 25 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಕೊಚ್ಚಿನ್ ರಿಫೈನರೀಸ್ ಹೆಸರಿನಲ್ಲಿ ಶುರುವಾಯಿತು. ಈಗ ಅದು ಬಿಪಿಸಿಎಲ್ ಕೈಯಲ್ಲಿದೆ. 2019ರ ಜನವರಿಯಲ್ಲಿ ಲೋಕಾರ್ಪಣೆಯಾದ ವಿಸ್ತರಣೆಯ ನಂತರ ಸಾಮರ್ಥ್ಯ 155 ಲಕ್ಷ ಟನ್ನಿಗೆ ಏರಿದೆ. ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಆಕ್ಟೇನ್ ಸಂಖ್ಯೆ. ದೇಶದ ಸಾಮಾನ್ಯ ಪೆಟ್ರೋಲಿಗೆ ಇದು ಬಹುಕಾಲ 91 ಇತ್ತು. ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಉದ್ಘಾಟನೆಯಾಗಿ 2025ರ ಹೊತ್ತಿಗೆ ದೇಶದುದ್ದಕ್ಕೂ ಹರಡಿತು. ಅದರ ಆಕ್ಟೇನ್ 95. ಎಥೆನಾಲಿನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಮೈಲೇಜ್ ಇಳಿಯುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ನಾಕಿಂಗ್ ವಿಷಯದಲ್ಲಿ ಇ20 ಹಳೆಯ ಪೆಟ್ರೋಲಿಗಿಂತ ಮೇಲು. ಹಾಗಾಗಿ ಮೈಲೇಜ್ ಇಳಿಯಿತೆಂಬ ಒಂದೇ ಕಾರಣಕ್ಕೆ ನಾಕ್ ಸೆನ್ಸರ್ ಕೆಟ್ಟಿದೆ ಎಂದುಕೊಳ್ಳಬಾರದು.

ಹವೆಯ ಪಾತ್ರ ಎರಡು ಕಡೆಗೂ ಎಳೆಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಿಂದ ಕಡಲ ಮಟ್ಟದ ಕೊಚ್ಚಿಗೆ ಇಳಿದ ಕಾರು ಹೆಚ್ಚು ಸಾಂದ್ರವಾದ ಗಾಳಿ ಎಳೆದುಕೊಳ್ಳುತ್ತದೆ. ಸಿಲಿಂಡರಿನ ಒತ್ತಡ ಏರಿ ನಾಕಿಂಗ್ ಪ್ರವೃತ್ತಿಯೂ ಹೆಚ್ಚುತ್ತದೆ. ಗಾಳಿಯ ತೇವಾಂಶ ಅದನ್ನು ಸ್ವಲ್ಪ ತಗ್ಗಿಸುತ್ತದೆ. ವೈಟ್ಟಿಲ, ಎಡಪ್ಪಳ್ಳಿಯ ಸಿಗ್ನಲ್ಲುಗಳಲ್ಲಿ ಮಧ್ಯಾಹ್ನ ತೆವಳುವಾಗ ಎಂಜಿನ್ನು ಕಾದು ಆ ಪ್ರವೃತ್ತಿ ಮತ್ತೆ ಹೆಚ್ಚುತ್ತದೆ. ತಿರುವನಂತಪುರದವರಿಗೆ ಪರೀಕ್ಷೆಯ ದಾರಿ ಪೊನ್ಮುಡಿ: 22 ಹೇರ್‌ಪಿನ್ ತಿರುವು, ಸುಮಾರು 1,100 ಮೀಟರ್ ಎತ್ತರ, ಎರಡನೇ ಗೇರಿನಲ್ಲಿ ಭಾರ ಎಳೆಯುವ ಎಂಜಿನ್ನು. ಕೊಚ್ಚಿಯವರಿಗೆ ನೇರಿಯಮಂಗಲಂ ಸೇತುವೆ ದಾಟಿ ಮುನ್ನಾರ್ ಹತ್ತುವ ದಾರಿ. ಕರ್ನಾಟಕದಿಂದ ಮಂಡಲ ಕಾಲದಲ್ಲಿ ಶಬರಿಮಲೆಗೆ ಹೊರಡುವ ಅಯ್ಯಪ್ಪ ಭಕ್ತರ ಗಾಡಿಗಳದ್ದು ಇನ್ನೊಂದು ಬಗೆ. ಏಳು ಜನ, ಛಾವಣಿ ಮೇಲೆ ಲಗೇಜ್, ನಾನೂರು ಐನೂರು ಕಿ.ಮೀ. ಓಡಿ ಕಾದ ಎಂಜಿನ್ನು, ಕೊನೆಗೆ ಎರುಮೇಲಿಯಿಂದ ನಿಲಕ್ಕಲ್ ಕಡೆಗೆ ಕಾಡಿನ ಏರು. ನಾಕ್ ಸೆನ್ಸರಿಗೆ ನಿಜವಾಗಿ ಕೆಲಸ ಬೀಳುವುದು ಇಂಥ ಹೊತ್ತಿನಲ್ಲಿ. ಅದರ ದೋಷ ಸೂಚಿಸುವ ಕೋಡ್ ಇಸಿಯುವಿನಲ್ಲಿ ಎದ್ದು ದೀಪ ಹೊತ್ತಿಕೊಳ್ಳುವುದೂ ಹೆಚ್ಚಾಗಿ ಆಗಲೇ.

ಸೆನ್ಸರಿನ ಒಳಗು

ಪಿಯರೆ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದ ಗುಣವೊಂದರ ಮೇಲೆ ಈ ಬಿಲ್ಲೆ ನಿಂತಿದೆ: ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ ಹುಟ್ಟುತ್ತದೆ. ಸೆನ್ಸರಿನಲ್ಲಿ ಇಂಥ ಗುಣದ ಪಿಂಗಾಣಿಯ ಉಂಗುರ ಇರುತ್ತದೆ, ಅದರ ಮೇಲೆ ಒಂದು ಲೋಹದ ತೂಕ. ಬ್ಲಾಕ್ ನಡುಗಿದಾಗ ತೂಕ ಜಡತ್ವದಿಂದ ಉಂಗುರವನ್ನು ಒತ್ತುತ್ತದೆ, ಬಿಡುತ್ತದೆ. ಆ ಒತ್ತಡಕ್ಕೆ ತಕ್ಕ ಮಿಲಿವೋಲ್ಟ್ ಅಲೆ ತಂತಿಯಲ್ಲಿ ಹೊರಡುತ್ತದೆ. ಇದೇ ಬಗೆಯ ಪಿಂಗಾಣಿ ನೀರಿನಡಿಯ ಸದ್ದು ಕೇಳುವ ಸೋನಾರ್ ಉಪಕರಣಗಳಲ್ಲೂ ಇದೆ. ಆ ಸೋನಾರ್‌ಗಳನ್ನು ರೂಪಿಸುವ ಡಿಆರ್‌ಡಿಒದ ಎನ್‌ಪಿಒಎಲ್ ಪ್ರಯೋಗಾಲಯ ಇರುವುದು ಕೊಚ್ಚಿಯ ತೃಕ್ಕಾಕ್ಕರದಲ್ಲೇ.

ಒಂದೇ ಸೆನ್ಸರ್ ನಾಲ್ಕು ಸಿಲಿಂಡರುಗಳಲ್ಲಿ ಯಾವುದು ಬಡಿಯಿತೆಂದು ಹೇಗೆ ಹೇಳುತ್ತದೆ? ಹೇಳುವುದು ಅದಲ್ಲ, ಇಸಿಯು. ಕ್ರ್ಯಾಂಕ್ ಸೆನ್ಸರಿನಿಂದ ಯಾವ ಸಿಲಿಂಡರಿನಲ್ಲಿ ಈಗ ಕಿಡಿ ಹಾರಿದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಪಿಸ್ಟನ್ ಮೇಲಿನ ತುದಿ ಮುಟ್ಟಿ ಇಳಿಯತೊಡಗುವ ಸಣ್ಣ ಅವಧಿಯಲ್ಲಿ ಮಾತ್ರ ಅದು ಸೆನ್ಸರಿಗೆ ಕಿವಿಗೊಡುತ್ತದೆ. ಆಗ ಸದ್ದು ಎಂದಿನ ಗದ್ದಲದ ಮಟ್ಟ ಮೀರಿದರೆ ಆ ಸಿಲಿಂಡರಿನ ಕಿಡಿಯನ್ನಷ್ಟೇ ಕೆಲವು ಡಿಗ್ರಿ ತಡಮಾಡಿ, ಆಮೇಲೆ ನಿಧಾನವಾಗಿ ಹಿಂದಿನ ಸ್ಥಾನಕ್ಕೆ ತರುತ್ತದೆ. ಸೆನ್ಸರಿನಿಂದ ಸಂಕೇತವೇ ಬಾರದಿದ್ದರೆ ಎಲ್ಲ ಸಿಲಿಂಡರುಗಳ ಟೈಮಿಂಗನ್ನೂ ಹಿಂದಕ್ಕೆ ಎಳೆದು ಇಟ್ಟುಬಿಡುತ್ತದೆ. ಪಿಕಪ್ ಹೋಯಿತು ಎಂದು ಚಾಲಕರು ಹೇಳುವುದು ಈ ಸ್ಥಿತಿಯನ್ನು. ಎಂಜಿನ್ನನ್ನು ಉಳಿಸಲು ಇಸಿಯು ಮಾಡುವ ಏರ್ಪಾಡು ಇದು. ದಾರಿಯಲ್ಲಿ ದೀಪ ಹೊತ್ತಿಕೊಂಡರೆ ಗಾಬರಿ ಬೇಡ. ಕಡಿಮೆ ಗೇರಿನಲ್ಲಿ, ಜೋರಾಗಿ ತುಳಿಯದೆ ಊರು ಮುಟ್ಟಬಹುದು. ದೀಪ ಹೊತ್ತಿ ಆರಿ ಮಿನುಗುತ್ತಿದ್ದರೆ ಮಾತ್ರ ಅದು ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳದಿರುವ, ಅಂದರೆ ಮಿಸ್‌ಫೈರಿನ ಎಚ್ಚರಿಕೆ. ಆಗ ಗಾಡಿಯನ್ನು ಬದಿಗೆ ಹಾಕಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಇಂಧನ ತಾನಾಗಿ ಹೊತ್ತಿಕೊಳ್ಳುವುದೇ ಕ್ರಮವಾದ್ದರಿಂದ ನಾಕ್ ಸೆನ್ಸರಿನ ಅಗತ್ಯ ಸಾಮಾನ್ಯವಾಗಿ ಇಲ್ಲ. ಡಸ್ಟರ್‌ನಂಥ ಕಾರುಗಳಲ್ಲಿ ಬಂದ ರೆನೊ ಕೆ9ಕೆ ಡೀಸೆಲ್ ಎಂಜಿನ್ನಿನಲ್ಲಿ ಅದೇ ಬಗೆಯ ಬಿಲ್ಲೆ ಇದೆ, ಕೆಲಸ ಮಾತ್ರ ಬೇರೆ. ಇಂಜೆಕ್ಟರ್ ಹನಿಸುವ ಇಂಧನದ ಅಳತೆ ತಿದ್ದಲು ಅದು ನೆರವಾಗುತ್ತದೆ.

ದೋಷದ ಪತ್ತೆ

ಮನೆಯಲ್ಲೇ ಕೆಲಸಕ್ಕೆ ಇಳಿಯುವವರಿಗೆ ಮೊದಲ ಸಾಧನ ಸ್ಕ್ಯಾನರ್. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಮಾಲಿನ್ಯ ನಿಯಮದ ಹೊಸ ಕಾರುಗಳಿಗೆ, ದೋಷಗಳನ್ನು ಕೋಡ್ ರೂಪದಲ್ಲಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರನ್ನು ಅದಕ್ಕೆ ಚುಚ್ಚಿದರೆ ಮೊಬೈಲಿನಲ್ಲೇ ಕೋಡ್ ಓದಬಹುದು. ಪಿ0325 ಎಂದರೆ ಮೊದಲ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. ಪಿ0326 ಸಂಕೇತ ಇರಬೇಕಾದ ಮಿತಿಯಲ್ಲಿಲ್ಲ ಎನ್ನುತ್ತದೆ. ಪಿ0327 ಸಂಕೇತ ತೀರ ಕಡಿಮೆ, ಪಿ0328 ತೀರ ಹೆಚ್ಚು, ಪಿ0329 ಬಿಟ್ಟು ಬಿಟ್ಟು ಬರುತ್ತಿದೆ ಎಂಬ ಸೂಚನೆ. ಪಿ0330ರಿಂದ ಪಿ0334ರವರೆಗಿನವು ಎರಡನೇ ಸೆನ್ಸರಿಗೆ. ಇವುಗಳಲ್ಲಿ ಒಂದೂ ಸೆನ್ಸರ್ ಸತ್ತಿದೆ ಎಂದು ಹೇಳುವುದಿಲ್ಲ. ಸರ್ಕ್ಯೂಟ್ ಎಂಬುದರಲ್ಲಿ ತಂತಿ, ಕಪ್ಲರ್, ಅರ್ತ್, ಇಸಿಯು ಎಲ್ಲವೂ ಸೇರಿವೆ. ಕೋಡ್ ಅಳಿಸುವ ಮುನ್ನ ಅದರ ಜೊತೆ ದಾಖಲಾದ ಎಂಜಿನ್ ವೇಗ, ಬಿಸಿ, ಭಾರದ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ದೋಷ ನಿಂತ ಗಾಡಿಯಲ್ಲಿ ಬಂತೋ ಏರಿನಲ್ಲಿ ಬಂತೋ ಎಂಬುದು ಅದರಿಂದ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಣ ತಿನ್ನುತ್ತದೆ. ಎಂಜಿನ್ನಿನಲ್ಲಿ ನಾಕಿಂಗ್ ಸದ್ದು ಕೇಳಿಸುತ್ತಿದೆ, ಆದ್ದರಿಂದ ನಾಕ್ ಸೆನ್ಸರ್ ಬದಲಿಸಿ ಎಂಬ ಸಲಹೆ ವರ್ಕ್‌ಶಾಪುಗಳಲ್ಲೂ ಕೇಳಿಬರುತ್ತದೆ. ಸೆನ್ಸರ್ ನಾಕಿಂಗನ್ನು ವರದಿ ಮಾಡುತ್ತದೆ, ಉಂಟುಮಾಡುವುದಿಲ್ಲ. ಕೋಡ್ ಇಲ್ಲದೆ ಸದ್ದು ಮಾತ್ರ ಇದ್ದರೆ ಹುಡುಕಬೇಕಾದ್ದು ಬೇರೆ ಕಡೆ: ಪಿಸ್ಟನ್ ತಲೆಯ ಮೇಲೆ ಕಟ್ಟಿದ ಕರಿ, ತಪ್ಪು ಶ್ರೇಣಿಯ ಸ್ಪಾರ್ಕ್ ಪ್ಲಗ್, ಕಡಿಮೆಯಾದ ಕೂಲೆಂಟ್, ತಿರುಗದ ರೇಡಿಯೇಟರ್ ಫ್ಯಾನ್, ಕಟ್ಟಿಕೊಂಡ ಇಂಜೆಕ್ಟರ್, ಕಲಬೆರಕೆ ಪೆಟ್ರೋಲ್. ಸೈಲೆನ್ಸರಿನ ಮೇಲಿನ ಸಡಿಲ ತಗಡು ಕೂಡ ಹಾಗೇ ಕಿಣಿಗುಡುತ್ತದೆ. ಬೇರಿಂಗ್ ಸವೆದ ಎಂಜಿನ್ನಿನ ಬಡಿತವನ್ನು ಸೆನ್ಸರ್ ನಾಕಿಂಗ್ ಎಂದೇ ತಿಳಿದು ವರದಿ ಮಾಡುವುದೂ ಉಂಟು.

ಕೋಡ್ ಇದ್ದರೆ ಮೊದಲು ಕಪ್ಲರ್ ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ಪಿನ್ನುಗಳನ್ನು ನೋಡಬೇಕು. ಪಿನ್ನಿನ ಮೇಲೆ ಹಸಿರು ಕಿಲುಬು, ರಬ್ಬರ್ ಸೀಲಿನ ಒಳಗೆ ಒದ್ದೆ, ತಂತಿಯ ಸಿಪ್ಪೆ ಗಟ್ಟಿಯಾಗಿ ಒಡೆದಿರುವುದು ಕಡಲ ಊರಿನ ಗಾಡಿಗಳ ಸಾಮಾನ್ಯ ಕಾಯಿಲೆ. ಜೂನ್ ಮೊದಲ ವಾರ ಶುರುವಾಗುವ ಮಳೆ ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿಯುತ್ತದೆ. ಆ ತಿಂಗಳುಗಳಲ್ಲಿ ಬೆಚ್ಚಗಿನ ಬಾನೆಟ್ ಕೆಳಗೆ ಆಶ್ರಯ ಪಡೆಯುವ ಇಲಿಗಳು ತಂತಿ ಕಚ್ಚುತ್ತವೆ. 2018ರ ಆಗಸ್ಟಿನ ಪ್ರವಾಹದಲ್ಲಿ ಪೆರಿಯಾರ್ ಉಕ್ಕಿ ಕೊಚ್ಚಿ ವಿಮಾನ ನಿಲ್ದಾಣವೇ 15ರಿಂದ 29ರವರೆಗೆ ಮುಚ್ಚಿತ್ತು. ಆಲುವ, ಪರವೂರು ಕಡೆ ಕಾರುಗಳು ಕೆಸರು ನೀರಿನಲ್ಲಿ ನಿಂತಿದ್ದವು. ಹಾಗೆ ಮುಳುಗಿದ ಗಾಡಿಯ ಸೀಟು, ಕಾರ್ಪೆಟ್ ಒಣಗಿಸಿ ಹೊಳಪು ಕೊಟ್ಟರೂ ಕಪ್ಲರುಗಳ ಒಳಗೆ ಕುಳಿತ ಹೂಳು ತಿಂಗಳುಗಟ್ಟಲೆ ಪಿನ್ನು ತಿನ್ನುತ್ತಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ನಾಕ್ ಸೆನ್ಸರ್ ಕೋಡ್ ಕಂಡಾಗ ಇದನ್ನು ನೆನಪಿಗೆ ತಂದುಕೊಳ್ಳುವುದು ಒಳಿತು.

ಸೆನ್ಸರಿನ ಸಂಕೇತ ಬರೀ ಮಿಲಿವೋಲ್ಟ್ ಮಟ್ಟದ್ದು. ಆದ್ದರಿಂದ ಅದರ ತಂತಿಗೆ ಬಹಳ ಕಡೆ ಲೋಹದ ಹೆಣಿಗೆಯ ಕವಚ ಇರುತ್ತದೆ. ಹಿಂದೆ ಯಾರೋ ತಂತಿ ತುಂಡಾದಲ್ಲಿ ಹೆಣೆದು ಇನ್ಸುಲೇಶನ್ ಟೇಪ್ ಸುತ್ತಿ, ಇಗ್ನಿಷನ್ ಕಾಯಿಲ್ ತಂತಿಯ ಪಕ್ಕದಲ್ಲೇ ಬಿಟ್ಟಿದ್ದರೆ ಕಿಡಿಯ ಗದ್ದಲವೆಲ್ಲ ಅದರೊಳಗೆ ನುಗ್ಗುತ್ತದೆ. ಆಗ ಎಷ್ಟು ಹೊಸ ಸೆನ್ಸರ್ ಹಾಕಿದರೂ ಪಿ0326 ಮತ್ತೆ ಬರುತ್ತದೆ.

ಮಲ್ಟಿಮೀಟರಿನ ಮಾತನ್ನು ಎಚ್ಚರದಿಂದ ಕೇಳಬೇಕು. ಟೊಯೊಟಾದ ಚಪ್ಪಟೆ ಸೆನ್ಸರುಗಳಲ್ಲಿ ಒಳಗೇ ಒಂದು ರೆಸಿಸ್ಟರ್ ಇದ್ದು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 120ರಿಂದ 280 ಕಿಲೋಓಮ್ ತೋರಿಸಬೇಕು. ನಿಸ್ಸಾನಿನ ಕೆಲವು ಎಂಜಿನ್ನುಗಳಲ್ಲಿ ಇದು 532ರಿಂದ 588 ಕಿಲೋಓಮ್. ಆದರೆ ರೆಸಿಸ್ಟರ್ ಇಲ್ಲದ ಸೆನ್ಸರುಗಳೂ ಬಹಳ ಇವೆ. ಅವುಗಳಲ್ಲಿ ಮೀಟರ್ ತುಂಡಾದ ತಂತಿಯ ಅಂಕಿಯನ್ನೇ ತೋರಿಸುತ್ತದೆ, ಅದು ದೋಷವಲ್ಲ. ಇದನ್ನು ತಿಳಿಯದೆ ಒಳ್ಳೆಯ ಸೆನ್ಸರುಗಳನ್ನು ಎಸೆಯುವವರಿದ್ದಾರೆ. ಮೀಟರನ್ನು ಎಸಿ ಮಿಲಿವೋಲ್ಟಿಗೆ ಇಟ್ಟು, ಸೆನ್ಸರಿನ ಪಕ್ಕದ ಬ್ಲಾಕಿನ ಮೇಲೆ ಸ್ಪಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಅಂಕಿ ಕುಣಿದರೆ ಉಂಗುರಕ್ಕೆ ಜೀವ ಇದೆ. ಸೆನ್ಸರಿನ ಮೈಮೇಲೇ ತಟ್ಟಬಾರದು, ಪಿಂಗಾಣಿ ಬಿರಿಯುತ್ತದೆ. ಈ ಪರೀಕ್ಷೆಯಲ್ಲಿ ಪಾಸಾದ ಸೆನ್ಸರಿನ ಬೋಲ್ಟು ಸಡಿಲವಾಗಿದೆಯೇ, ಅದರ ಬುಡದಲ್ಲಿ ತುಕ್ಕು ಕಟ್ಟಿದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಎಷ್ಟೋ ಸಲ ಕತೆ ಅಲ್ಲಿಗೇ ಮುಗಿಯುತ್ತದೆ.

ಎಲ್ಲಿರುತ್ತದೆ

ನಾಲ್ಕು ಸಿಲಿಂಡರಿನ ಸಾಲು ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಒಂದೇ ಸೆನ್ಸರ್, ಬ್ಲಾಕಿನ ಪಕ್ಕದಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ನಡುವೆ. ಮೂರು ಸಿಲಿಂಡರಿನದಾದರೆ ನಡುವಿನ ಸಿಲಿಂಡರಿನ ಆಸುಪಾಸು. ಆರು, ಎಂಟು ಸಿಲಿಂಡರಿನ ಎಂಜಿನ್ನುಗಳಲ್ಲಿ ಎರಡು ಅಥವಾ ಹೆಚ್ಚು. ಎಕ್ಸಾಸ್ಟಿನ ಬಿಸಿಯಿಂದ ದೂರ ಇರಲೆಂದು ಅದನ್ನು ಹೆಚ್ಚಾಗಿ ಇನ್‌ಟೇಕ್ ಮ್ಯಾನಿಫೋಲ್ಡ್ ಇರುವ ಬದಿಗೆ, ಅದರ ಕೆಳಗೆ ಕೂರಿಸುತ್ತಾರೆ. ಮನೆಯಲ್ಲೇ ಬದಲಿಸುವ ಕೆಲಸದ ಕಷ್ಟವೆಲ್ಲ ಈ ಜಾಗದಿಂದ ಹುಟ್ಟಿದ್ದು. ಸಣ್ಣ ಹ್ಯಾಚ್‌ಬ್ಯಾಕುಗಳಲ್ಲಿ ಏರ್ ಫಿಲ್ಟರ್ ಡಬ್ಬ ಮತ್ತು ಅದರ ಪೈಪು ತೆಗೆದರೆ ಕೈ ಹೋಗುವಷ್ಟು ಜಾಗ ಸಿಗಬಹುದು. ಕೆಲವು ಕಾರುಗಳಲ್ಲಿ ಗಾಡಿಯ ಅಡಿಯಿಂದಲೇ ದಾರಿ. ಟೊಯೊಟಾದ 1ಎಂಝಡ್ ವಿ6ನಂಥ ಎಂಜಿನ್ನುಗಳಲ್ಲಿ ಸೆನ್ಸರುಗಳು ವಿ ಆಕಾರದ ಕಣಿವೆಯಲ್ಲಿ ಮ್ಯಾನಿಫೋಲ್ಡ್ ಅಡಿಗೆ ಹುದುಗಿರುತ್ತವೆ. ಬಿಲ್ಲೆಯ ಬೆಲೆಗಿಂತ ಅಲ್ಲಿಗೆ ತಲುಪುವ ಕೂಲಿ ಹೆಚ್ಚು.

ಜಾಗ ಊಹಿಸುತ್ತ ಕೈಹಾಕುವುದಕ್ಕಿಂತ ಆಯಾ ಎಂಜಿನ್ನಿನ ಸರ್ವಿಸ್ ಕೈಪಿಡಿಯ ಚಿತ್ರ ನೋಡಿಕೊಳ್ಳುವುದು ಸರಿ. ಬ್ಲಾಕಿನ ಮೇಲೆ ಆಯಿಲ್ ಪ್ರೆಶರ್ ಸ್ವಿಚ್ಚೂ ಕೂಲೆಂಟ್ ಟೆಂಪರೇಚರ್ ಸೆನ್ಸರೂ ಇರುತ್ತವೆ, ಅವುಗಳನ್ನೇ ನಾಕ್ ಸೆನ್ಸರೆಂದು ಬಿಚ್ಚಿದರೆ ಆಯಿಲೋ ಕೂಲೆಂಟೋ ಮೈಮೇಲೆ ಸುರಿಯುತ್ತದೆ. ನಡುವೆ ಬೋಲ್ಟ್ ಹಾದ ಬಿಲ್ಲೆ ನಾಕ್ ಸೆನ್ಸರ್ ಎಂಬುದು ಬಹುಮಟ್ಟಿಗೆ ನಂಬಬಹುದಾದ ಗುರುತು. ಹಳೆಯ ಕೆಲವು ಎಂಜಿನ್ನುಗಳಲ್ಲಿ ಮಾತ್ರ ತಾನೇ ಮರೆ (ತಿರುಪಿನ ಗೀರು) ಹೊಂದಿ ಬ್ಲಾಕಿನೊಳಗೆ ತಿರುಗಿ ಕೂರುವ, ಒಂದೇ ತಂತಿಯ ಬಗೆ ಇದೆ. ಅದು ಕೂಲೆಂಟ್ ಹರಿಯುವ ಕಡೆ ಇದ್ದರೆ ಮೊದಲು ಕೂಲೆಂಟ್ ಇಳಿಸಬೇಕಾಗುತ್ತದೆ.

ಬಿಚ್ಚಿ ಹಾಕುವ ಕೆಲಸ

ಕೇರಳದ ಮನೆಗಳ ಮುಂದಿನ ಕಾರ್ ಪೋರ್ಚ್ ಈ ಕೆಲಸಕ್ಕೆ ಹೇಳಿಮಾಡಿಸಿದ ಜಾಗ: ಮೇಲೆ ಛಾವಣಿ, ಕೆಳಗೆ ಗಟ್ಟಿ ನೆಲ, ಮಳೆ ಸುರಿದರೂ ಬಾನೆಟ್ ಒದ್ದೆಯಾಗದು. ಕಾಕ್ಕನಾಡ್, ಕಳಕ್ಕೂಟ್ಟಂ ಕಡೆಯ ಫ್ಲ್ಯಾಟುಗಳ ಬೇಸ್‌ಮೆಂಟಿನಲ್ಲಿ ಬೆಳಕೂ ಗಾಳಿಯೂ ಕಡಿಮೆ. ಪೆಟ್ರೋಲ್ ಪೈಪ್ ಬಿಚ್ಚಬೇಕಾದ ಕೆಲಸವನ್ನು ಅಲ್ಲಿ ಮಾಡಲೇಬಾರದು.

ಎಂಜಿನ್ನು ಪೂರ್ತಿ ತಣಿದಿರಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ ಪಕ್ಕಕ್ಕೆ ಕಟ್ಟಿಡಬೇಕು. ಅಡಿಯಿಂದ ಹೋಗುವುದಾದರೆ ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕದೆ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಡಬೇಕು. ಮ್ಯಾನಿಫೋಲ್ಡ್ ತೆಗೆಯಬೇಕಾದ ಎಂಜಿನ್ನಿನಲ್ಲಿ ಬ್ಯಾಟರಿ ಕಳಚುವ ಮುನ್ನವೇ ಪೆಟ್ರೋಲ್ ಪಂಪಿನ ಫ್ಯೂಸ್ ಎಳೆದು, ಎಂಜಿನ್ನು ತಾನಾಗಿ ಆರುವವರೆಗೆ ಓಡಿಸಿ ಲೈನಿನ ಒತ್ತಡ ಇಳಿಸುತ್ತಾರೆ. ಬಳಿಕ ತಣಿಯಲು ಬಿಡುತ್ತಾರೆ. ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ ಎಂಜಿನ್ನುಗಳಲ್ಲಿ ಲೈನಿನ ಒತ್ತಡ ಬಹಳ ಹೆಚ್ಚು. ಅಂಥವನ್ನೂ, ವಾರಂಟಿ ಮುಗಿಯದ ಗಾಡಿಯನ್ನೂ ಮನೆಯಲ್ಲಿ ಬಿಚ್ಚದಿರುವುದೇ ಜಾಣತನ.

ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಯಾವ ಪೈಪು ಎಲ್ಲಿತ್ತೆಂಬ ಗೊಂದಲ ಉಳಿಯದು. ಮ್ಯಾನಿಫೋಲ್ಡ್ ಹೊರಬಂದ ಕೂಡಲೆ ಹೆಡ್ಡಿನಲ್ಲಿ ಬಾಯಿ ತೆರೆದ ಗಾಳಿದಾರಿಗಳಿಗೆ ಚೊಕ್ಕ ಬಟ್ಟೆ ತುರುಕಬೇಕು. ಒಂದು ವಾಷರ್ ಒಳಗೆ ಬಿದ್ದರೂ ವಾಲ್ವ್, ಪಿಸ್ಟನ್ನುಗಳ ಲೆಕ್ಕ ಬೇರೆಯಾಗುತ್ತದೆ. ಕಪ್ಲರಿನ ಲಾಕ್ ಒತ್ತಿ ಕಪ್ಲರನ್ನೇ ಹಿಡಿದು ಎಳೆಯಬೇಕು, ತಂತಿ ಹಿಡಿದು ಎಳೆಯಬಾರದು. ವರ್ಷಗಟ್ಟಲೆ ಬಿಸಿ ಕಂಡ ಪ್ಲಾಸ್ಟಿಕ್ ಲಾಕು ಬೆರಳಿಗೆ ಸಿಕ್ಕ ಕೂಡಲೆ ಮುರಿಯುವಷ್ಟು ಪೆಡಸಾಗಿರುತ್ತದೆ. ಬೋಲ್ಟು ಬಹಳ ಕಡೆ ಎಂ8, ಅದಕ್ಕೆ 12 ಅಥವಾ 13 ನಂಬರಿನ ಸಾಕೆಟ್ ಹೊಂದುತ್ತದೆ. ಬಿಚ್ಚುವ ಮುನ್ನ ಕಪ್ಲರ್ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಗುರುತು ಹಾಕಿಕೊಳ್ಳಬೇಕು. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಆ ಕೋನವನ್ನೂ ನಿಗದಿ ಮಾಡಿರುತ್ತಾರೆ.

ಇಡೀ ಕೆಲಸದ ಜೀವಾಳ ಬಿಗಿತ. ಸೆನ್ಸರಿನ ಬುಡ ಬ್ಲಾಕಿನ ಲೋಹಕ್ಕೆ ಪೂರ್ತಿ ಅಂಟಿ ಕೂತರೆ ಮಾತ್ರ ಕಂಪನ ನಿಖರವಾಗಿ ದಾಟುತ್ತದೆ. ಬಾಷ್ ಕಂಪನಿ ತನ್ನ ನಾಕ್ ಸೆನ್ಸರುಗಳಿಗೆ ಹೇಳುವ ಬಿಗಿತ 20 ನ್ಯೂಟನ್ ಮೀಟರ್, ಐದು ಆಚೀಚೆ ಇರಬಹುದು. ಟೊಯೊಟಾದ ಚಪ್ಪಟೆ ಸೆನ್ಸರುಗಳಿಗೂ 20ರ ಅಂಕಿಯೇ. ಸಡಿಲಾದರೆ ಸಂಕೇತ ಸೊರಗಿ ನಿಜವಾದ ನಾಕಿಂಗ್ ಇಸಿಯುಗೆ ಮುಟ್ಟದೆ ಹೋಗುತ್ತದೆ. ಮಿತಿಮೀರಿ ಬಿಗಿದರೆ ಉಂಗುರದ ಒಳ ಒತ್ತಡ ಬದಲಾಗಿ ಸಂಕೇತ ಕೆಡುತ್ತದೆ, ಅಲ್ಯುಮಿನಿಯಂ ಬ್ಲಾಕಿನ ಮರೆ ಕಿತ್ತುಬರುವ ಅಪಾಯವೂ ಇದೆ. ಕೈ ಅಂದಾಜು ಇಲ್ಲಿ ನಡೆಯದು. 5ರಿಂದ 25 ನ್ಯೂಟನ್ ಮೀಟರ್ ಅಳೆಯುವ ಸಣ್ಣ ಟಾರ್ಕ್ ರೆಂಚ್ ಬೇಕು. ಚಕ್ರದ ನಟ್ಟಿಗೆ ಬಳಸುವ ದೊಡ್ಡ ರೆಂಚಿಗೆ ಈ ಮಟ್ಟದಲ್ಲಿ ನಿಖರತೆ ಇರುವುದಿಲ್ಲ.

ಬುಡದ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಲೋಹ ಮಿನುಗುವಂತೆ ಮಾಡಬೇಕು. ತೂತಿನ ಮರೆಯಲ್ಲಿ ಆಯಿಲ್, ಹೂಳು ಉಳಿದರೆ ಬೋಲ್ಟು ಬಿಗಿಯಾದಂತೆ ತೋರಿದರೂ ಸೆನ್ಸರ್ ಸರಿಯಾಗಿ ಕೂತಿರುವುದಿಲ್ಲ. ಸೆನ್ಸರಿನ ಅಡಿಗೆ ವಾಷರ್ ಬೇಡ, ಸೀಲಂಟ್ ಬೇಡ, ಪೇಂಟ್ ಬೇಡ. ಇವೆಲ್ಲ ಕಂಪನವನ್ನು ಹೀರಿಕೊಳ್ಳುತ್ತವೆ. ಬೋಲ್ಟು ತುಕ್ಕು ಹಿಡಿದಿದ್ದರೆ ಅದೇ ಉದ್ದದ, ಅದೇ ದರ್ಜೆಯ ಹೊಸದನ್ನು ಹಾಕಬೇಕು. ಸಿಕ್ಕಿದ ಉದ್ದದ ಬೋಲ್ಟು ಹಾಕಿ ತಳಕ್ಕೆ ತಾಗಿಸಿದರೆ ಸೆನ್ಸರ್ ಮೇಲೆ ಒತ್ತಡವೇ ಬೀಳುವುದಿಲ್ಲ. ಕೈಜಾರಿ ನೆಲಕ್ಕೆ ಬಿದ್ದ ಸೆನ್ಸರನ್ನು ಬಳಸಬಾರದೆಂದು ನಿಸ್ಸಾನ್ ಕೈಪಿಡಿಗಳು ಸ್ಪಷ್ಟವಾಗಿ ಹೇಳುತ್ತವೆ. ಹೊರಗೆ ಏನೂ ಕಾಣದಿದ್ದರೂ ಒಳಗಿನ ಪಿಂಗಾಣಿ ಬಿರಿದಿರಬಹುದು. ಗುಜರಿಯಿಂದ ತಂದ ಸೆನ್ಸರ್ ಎಷ್ಟು ಸಲ ಬಿದ್ದಿದೆಯೋ ಯಾರಿಗೂ ತಿಳಿಯದು, ಹಾಗಾಗಿ ಅದರ ಅಗ್ಗದ ಬೆಲೆಗೆ ಮರುಳಾಗಬಾರದು. ಎರಡು ಬಗೆಯ ಸೆನ್ಸರುಗಳ ಸಂಕೇತ ಬೇರೆ ಬೇರೆಯಾದ್ದರಿಂದ ಆಕಾರ ಹೊಂದಿತೆಂದು ಬೇರೆ ಎಂಜಿನ್ನಿನದನ್ನು ಹಾಕುವುದೂ ತಪ್ಪು. ಅಂಗಡಿಯಲ್ಲಿ ಕೇಳುವಾಗ ಕಾರಿನ ಹೆಸರಿಗಿಂತ ಎಂಜಿನ್ ಮತ್ತು ಚಾಸಿ ನಂಬರ್, ಹಳೆಯ ಬಿಲ್ಲೆಯ ಮೇಲಿನ ಪಾರ್ಟ್ ನಂಬರ್ ಕೊಡಬೇಕು.

ಮ್ಯಾನಿಫೋಲ್ಡ್ ಬಿಚ್ಚಿದ್ದರೆ ಅದರ ಗ್ಯಾಸ್ಕೆಟ್ ಹೊಸದೇ ಆಗಬೇಕು. ಹಳೆಯದರಲ್ಲಿ ಗಾಳಿ ಸೋರಿ ಮಿಶ್ರಣ ತೆಳುವಾದರೆ ನಾಕಿಂಗ್ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಕಪ್ಲರ್ ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಸೀಲಿನ ಅಂಚಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿದರೆ ಉಪ್ಪುಗಾಳಿಗೆ ದಾರಿ ಕಟ್ಟುತ್ತದೆ. ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ, ಎಂಜಿನ್ನು ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರುಪೇರಾಗಬಹುದು. ಬ್ಯಾಟರಿ ಕಳಚಿದಾಗ ಇಸಿಯು ಕಲಿತಿದ್ದ ಅಳತೆಗಳು ಅಳಿಸಿಹೋಗಿ ಮತ್ತೆ ಕಲಿಯುತ್ತಿರುತ್ತದೆ.

ದೀಪ ಆರಿದ್ದಕ್ಕೇ ಕೆಲಸ ಗೆದ್ದಿತು ಎನ್ನುವಂತಿಲ್ಲ. ಎಂಜಿನ್ನು ಬಿಸಿಯಾಗಿ, ಒಂದು ಮಟ್ಟದ ವೇಗ ಮತ್ತು ಭಾರ ದಾಟಿದಾಗ ಮಾತ್ರ ಇಸಿಯು ನಾಕ್ ಸೆನ್ಸರಿನ ತಪಾಸಣೆ ಮಾಡುತ್ತದೆ. ಕೊಚ್ಚಿಯ ಎಂ.ಜಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಸುತ್ತಿ ಬಂದರೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಇಗ್ನಿಷನ್ ಟೈಮಿಂಗ್ ತೆರೆದಿಟ್ಟು, ಬೈಪಾಸಿನಲ್ಲೋ ಪೊನ್ಮುಡಿ ಏರಿನಲ್ಲೋ ಗಾಡಿ ಓಡಿಸಬೇಕು. ಅಂಕಿ ನೋಡುವುದು ಪಕ್ಕದವರ ಕೆಲಸ. ಭಾರ ಬಿದ್ದಾಗ ಟೈಮಿಂಗ್ ಕೆಲವು ಡಿಗ್ರಿ ಇಳಿದು, ಮತ್ತೆ ಮೆಲ್ಲಗೆ ಏರುತ್ತಿದ್ದರೆ ಸೆನ್ಸರಿನ ಮಾತು ಇಸಿಯುಗೆ ಮುಟ್ಟುತ್ತಿದೆ. ಅದೇ ಕೋಡ್ ತಿರುಗಿ ಬಂದರೆ ಮತ್ತೊಂದು ಸೆನ್ಸರ್ ಕೊಳ್ಳುವ ಮುನ್ನ ಬ್ಯಾಟರಿ ಕಳಚಿ, ಇಸಿಯು ಕಪ್ಲರನ್ನೂ ಬಿಚ್ಚಿ, ಅಲ್ಲಿಂದ ಸೆನ್ಸರ್ ಕಪ್ಲರಿನವರೆಗೆ ಪ್ರತಿ ತಂತಿಯನ್ನೂ ಮೀಟರಿನಲ್ಲಿ ಅಳೆಯಬೇಕು. ತುದಿಯಿಂದ ತುದಿಗೆ ಒಂದು ಓಮಿನ ಆಸುಪಾಸು, ತಂತಿಯಿಂದ ಬಾಡಿಗೆ ಸಂಪರ್ಕ ಇಲ್ಲ ಎಂದು ಬಂದರೆ ತಂತಿ ಸರಿ. ಅಳೆಯುವಾಗ ತಂತಿಯ ಕಟ್ಟನ್ನು ಅಲ್ಲಲ್ಲಿ ಬಗ್ಗಿಸಿ ನೋಡಬೇಕು, ಒಳಗೆ ಅರ್ಧ ತುಂಡಾದ ಎಳೆ ಬಯಲಾಗುವುದು ಆಗಲೇ. ಅಷ್ಟು ಮುಗಿಯುವವರೆಗೆ ಹಳೆಯ ಸೆನ್ಸರನ್ನು ಎಸೆಯದೆ ಇಟ್ಟುಕೊಂಡಿರಬೇಕು.